ಗಂಟಿನ ನಡುವಿನ ಚಳಿ

ಜನವರಿ 4

ಮೀನಿನ ಲಾರಿ ವಾಪಸ್ ಕಳಿಸಿದೆ. ಡ್ರೈವರ್ ಕೂಗಾಡಿದ. "ಮೀಟರ್ ನೋಡಿ ಸಾರ್, ಮೈನಸ್ ಇಪ್ಪತ್ತಿದೆ!" ಬಾಗಿಲ ಮೀಟರ್ ಹೇಳುವುದು ಗಾಳಿಯ ಚಳಿ, ಮಾಲಿನದಲ್ಲ. ಪೆಟ್ಟಿಗೆ ಒಡೆದು ನಡುವಿಗೆ ಕಡ್ಡಿ ಥರ್ಮಾಮೀಟರ್ ಚುಚ್ಚಿದೆ. ಮೈನಸ್ ಹದಿನೆಂಟಿರಬೇಕಾದ ಕಡೆ ಮೈನಸ್ ಒಂಬತ್ತು. ಕೋಲ್ಡ್ ಸ್ಟೋರೇಜಿಗೆ ಬರುವ ಹೊಸಬರಿಗೆ ನಾನು ಹೇಳಿಕೊಡುವ ಮೊದಲ ಪಾಠವೇ ಇದು: ಮೈ ನೋಡಬೇಡಿ, ಹೊಟ್ಟೆ ನೋಡಿ. ಬೆನ್ನ ಹಿಂದೆ ನನ್ನನ್ನು 'ಕಡ್ಡಿ ಸಾಹೇಬ' ಅನ್ನುತ್ತಾರೆ. ಅನ್ನಲಿ.

ಮನೆಗೆ ಬಂದರೆ ಪುಟ್ಟಕ್ಕನ ತೋಳಿನಲ್ಲಿ ಮತ್ತೆ ಸಾಲಾಗಿ ದದ್ದು. ತಂಗಿಯ ಮಗಳು, ಐದು ವರ್ಷ. ತಿಗಣೆ. ನಾನು ಅಗ್ಗಕ್ಕೆ ಸಿಕ್ಕಿತೆಂದು ತಂದ ಹಳೆ ಮಂಚದ ಜೊತೆ ಬಂದವು.

ಜನವರಿ 5

ತಂಗಿ ರಾತ್ರಿಯೆಲ್ಲ ಕಿಟಕಿ ತೆರೆದಿಟ್ಟಿದ್ದಾಳೆ. "ಇಷ್ಟು ಚಳಿಗೆ ಅವು ಸಾಯಲ್ವಾ ಅಣ್ಣಾ?"

"ನಾವು ಸಾಯ್ತೀವಿ, ಅವು ಸಾಯಲ್ಲ."

ಪುಟ್ಟಕ್ಕನಿಗೆ ಉಬ್ಬಸ ಜಾಸ್ತಿಯಾಗಿದೆ, ಅಷ್ಟೇ ಲಾಭ. ಅದೇ ಉಬ್ಬಸದಿಂದ ಔಷಧಿ ಹೊಡೆಸುವಂತೆಯೂ ಇಲ್ಲ. ಹದಿನಾಲ್ಕಕ್ಕೆ ಮಕ್ಕಳ ಇಲಾಖೆಯ ಮೇಡಂ ಮನೆ ನೋಡಲು ಬರುತ್ತಾರೆ. ತಂಗಿ ಬಿಟ್ಟು ಬಂದ ಗಂಡ ಕೋರ್ಟಿಗೆ ಹೋಗಿದ್ದಾನೆ, ಮಗು ಕೊಳಕಿನಲ್ಲಿ ಬೆಳೆಯುತ್ತಿದೆಯಂತೆ. ಮೇಡಂ ರಿಪೋರ್ಟ್ ಹೇಗೋ ಹಾಗೆ. ಮಗು ಇಲ್ಲಿರಬೇಕೋ ಅಲ್ಲಿಗೆ ಹೋಗಬೇಕೋ... ಬರೆಯಲೂ ಹೆದರಿಕೆ.

ಜನವರಿ 6

ಔಷಧಿ ಹೊಡೆಯುವವನನ್ನು ಕೇಳಿದೆ. ಮೈನಸ್ ಹದಿನೆಂಟರಲ್ಲಿ ನಾಲ್ಕು ದಿನ ಬಿಟ್ಟರೆ ಮೊಟ್ಟೆ ಸಮೇತ ಸಾಯುತ್ತವಂತೆ. ನಮ್ಮ ಕೋಲ್ಡ್ ಸ್ಟೋರೇಜಿನ ಕೋಣೆ ಮೈನಸ್ ಇಪ್ಪತ್ತು! ಇಷ್ಟು ದಿನ ತಲೆಗೆ ಹೊಳೆಯಲಿಲ್ಲವಲ್ಲ.

ಹಾಸಿಗೆ, ಹೊದಿಕೆ, ದಿಂಬು, ಎಲ್ಲ ಸೇರಿಸಿ ಒಂದೇ ಗಂಟು. ಕಾಲಿಟ್ಟು ಅದುಮಿ ಹಗ್ಗ ಬಿಗಿದೆ. ಮೇಲೆ ಮೂರು ಸುತ್ತು ಪ್ಲಾಸ್ಟಿಕ್ ಸುತ್ತಿ ಆ ಕೋಣೆಯ ಮೂಲೆಗಿಟ್ಟೆ. ತಿನ್ನುವ ಮಾಲಿರುವ ಜಾಗ, ಒಂದು ಹುಳ ಉದುರಿದರೂ ಕೆಲಸಕ್ಕೆ ಕುತ್ತು. ಗಂಟು ಕಟ್ಟುವ ಮೊದಲು ಪುಟ್ಟಕ್ಕ ತನ್ನ ಬಟ್ಟೆಯ ಮೊಲ ತಂದಿದ್ದಳು. "ನಡೂ ಮಧ್ಯ ಇಡು ಮಾಮಾ. ಚಳಿ ಆಗ್ಬಾರ್ದು ಅದಕ್ಕೆ."

ನಡೂ ಮಧ್ಯವೇ ಇಟ್ಟೆ.

ಜನವರಿ 10

ನಾಲ್ಕು ದಿನ ಮುಗಿಯಿತು. ದಿನಕ್ಕೆ ಆರು ಸಲ ಕೋಣೆಯ ಬಾಗಿಲ ಮೀಟರ್ ನೋಡಿದ್ದೇನೆ, ಮೈನಸ್ ಇಪ್ಪತ್ತಕ್ಕಿಂತ ಮೇಲೆ ಏರಿಲ್ಲ. ಈ ನಡುವೆ ಮಂಚ ಒಡೆದು ಸುಟ್ಟೆವು. ಗೋಡೆಯ ಬಿರುಕಿಗೆಲ್ಲ ಕುದಿನೀರು ಹೊಯ್ದು ಸಿಮೆಂಟ್ ಮೆತ್ತಿದೆವು. ಗಂಟು ಹೊರಗಿನಿಂದ ಹಲಗೆಯಂತಾಗಿತ್ತು. ಪುಟ್ಟಕ್ಕ ಮೊಲ ಎಳೆದು ಕೆನ್ನೆಗಿಟ್ಟುಕೊಂಡಳು. "ಮೆತ್ತಗೇ ಇದೆ, ಅಷ್ಟೇನೂ ಚಳಿ ಆಗಿಲ್ಲ ಮಾಮಾ ಇದಕ್ಕೆ!" ಎಲ್ಲರೂ ನಕ್ಕೆವು. ಬಹಳ ದಿನದ ಮೇಲೆ ತಂಗಿ ನಕ್ಕಿದ್ದು.

ಜನವರಿ 14

ಮೇಡಂ ಬಂದರು. ದಿಂಬಿನ ಹೊಲಿಗೆಯನ್ನೂ ಬಿಡಿಸಿ ನೋಡಿದರು. "ಚೆನ್ನಾಗಿ ಇಟ್ಕೊಂಡಿದ್ದೀರಿ. ಇನ್ನೊಂದ್ಸಲ ಬರ್ತೀನಿ, ಹೇಳಿ ಬರಲ್ಲ." ಬಂದರೆ ಬರಲಿ. ರಾತ್ರಿ ಕಣ್ತುಂಬ ನಿದ್ದೆ.

ಫೆಬ್ರವರಿ 2

ಬೆಳಿಗ್ಗೆ ಏಳಕ್ಕೇ ಮೇಡಂ ಬಾಗಿಲು ತಟ್ಟಿದರು. ಪುಟ್ಟಕ್ಕನ ಅಂಗಿಯ ತೋಳು ಮಡಚಿದರು. ಒಂಬತ್ತು ದದ್ದು, ಸಾಲಾಗಿ, ಹೊಚ್ಚ ಹೊಸವು. ಮೊಲದ ಕಿವಿ ಎತ್ತಿದರು. ಎಳ್ಳಿಗಿಂತ ಸಣ್ಣವು, ಓಡಾಡುತ್ತಿದ್ದವು. ಮರಿಗಳು.

ತಂಗಿ ಕೈಮುಗಿದಳು. "ನನ್ನ ಕೈಲಿ ಏನಿಲ್ಲಮ್ಮ," ಎಂದು ಮೇಡಂ ಬರೆದುಕೊಂಡು ಹೋದರು.

ಫೆಬ್ರವರಿ 9

ಪುಟ್ಟಕ್ಕನನ್ನು ಕರೆದುಕೊಂಡು ಹೋದ.

ಮೊಲ ಬೇಕೆಂದು ಅತ್ತಳು. "ಮುಟ್ಬೇಡ, ಹುಳ ಇದೆ ಅದ್ರಲ್ಲಿ," ಅಂದ ಅವಳಪ್ಪ. ಅವನು ಹೇಳಿದ್ದರಲ್ಲಿ ಸುಳ್ಳಿರಲಿಲ್ಲ, ಅದೇ ನನಗೆ ಹೆಚ್ಚು ಉರಿದದ್ದು.

ಸಂಜೆ ತಂಗಿ ಕೇಳಿದಳು. "ನಾಲ್ಕು ದಿನ ಸರಿಯಾಗಿ ಇಟ್ಟಿದ್ದೆ ತಾನೆ ಅಣ್ಣಾ?"

"ಇಟ್ಟಿದ್ದೆ."

ಫೆಬ್ರವರಿ 10, ಬೆಳಿಗ್ಗೆ 9

ಅದೇ ಗಂಟು, ಅದೇ ಬಿಗಿ, ಅದೇ ಮೂಲೆ. ಮೊಲ ನಡೂ ಮಧ್ಯ. ಈ ಸಲ ಅದರ ಹೊಟ್ಟೆಗೆ ಥರ್ಮಾಮೀಟರ್ ಕಡ್ಡಿ ಚುಚ್ಚಿ ತಂತಿ ಹೊರಗೆ ಬಿಟ್ಟಿದ್ದೇನೆ. ನೋಡಲೇಬೇಕು.

ಫೆಬ್ರವರಿ 11, ಬೆಳಿಗ್ಗೆ 9

ಬಾಗಿಲು ಮೈನಸ್ 20. ಮೊಲ 11. ಮೈನಸ್ ಅಲ್ಲ.

ಫೆಬ್ರವರಿ 12, ಬೆಳಿಗ್ಗೆ 9

ಬಾಗಿಲು ಮೈನಸ್ 20. ಮೊಲ 3.

ಫೆಬ್ರವರಿ 13

ಮೈನಸ್ 4.

ಫೆಬ್ರವರಿ 14, ಬೆಳಿಗ್ಗೆ 9

ನಾಲ್ಕು ದಿನ. ಆವತ್ತು ಗಂಟು ತೆಗೆದ ಹೊತ್ತು. ಮೈನಸ್ 9. ಇದೇ ಅಂಕಿಗೆ ಲಾರಿ ವಾಪಸ್ ಕಳಿಸಿದ್ದೆ.

ಯಾರದೋ ಮೀನಿಗೆ ಕಡ್ಡಿ ಚುಚ್ಚಿ ನೋಡಿದೆ. ನಮ್ಮ ಮಗುವಿನ ಹಾಸಿಗೆಗೆ ಬಾಗಿಲ ಮೀಟರ್ ಸಾಕೆಂದುಕೊಂಡೆ. ಬಿಡಿಬಿಡಿಯಾಗಿ ಕಟ್ಟಿದ್ದರೆ... ಇನ್ನೊಂದು ವಾರ ಬಿಟ್ಟಿದ್ದರೆ... ಮೊಲ ಮೆತ್ತಗಿತ್ತು. ಆ ಕೂಸು ಬಾಯಿ ಬಿಟ್ಟು ಹೇಳಿತ್ತಲ್ಲ!

ಸಂಜೆ 6

ತಂಗಿ ಮೇಡಂ ಆಫೀಸಿಗೆ ಹೋಗಿ ಬಂದಳು. ತಿಂಗಳಿಗೊಮ್ಮೆ ಮಗು ನೋಡಲು ಬಿಡುತ್ತಾರಂತೆ. "ಮನೆ ಸರಿಯಾಗಿ ನೋಡ್ಕೊಳ್ಳದೆ ಇದ್ದದ್ದು ನನ್ನದೇ ತಪ್ಪು ಅಂತ ಬರ್ಕೊಟ್ಟೆ ಅಣ್ಣಾ. ಇನ್ಯಾರದು ಮತ್ತೆ?" ಅಂದಳು. ನಾನು ಈ ಪುಸ್ತಕ ತೆರೆದು ಕೂತೆ, ಮುಖ ಮುಚ್ಚಿಕೊಳ್ಳಲು.

ಈಗ ಬಾಗಿಲಲ್ಲಿ ನಿಂತಿದ್ದಾಳೆ. "ಮೊಲ ಎಲ್ಲಿ? ಕುದಿಸಿ ಒಗೆದು ತಗೊಂಡು ಹೋಗ್ತೀನಿ." ಕೋಲ್ಡ್ ಸ್ಟೋರೇಜಿನಲ್ಲಿದೆ ಅಂದೆ.

"ಅಲ್ಲಿ ಯಾಕೆ?"

ಹೇಳಬೇಕು. ಲಾರಿಯಿಂದ ಶುರು ಮಾಡಿ ಹೇಳಬೇಕು. ಹತ್ತಿರ ಬರುತ್ತಿದ್ದಾಳೆ, ಏನು ಬರೀತಿದ್ದೀಯ ಅನ್ನುತ್ತಿದ್ದಾಳೆ. ಅವಳೇ ಓದಲಿ. ಪುಸ್ತಕವನ್ನೇ ಅವಳ ಕೈಗೆ...