ಬೆರೆಸಿಟ್ಟ ಗುಂಡಿಗಳು

ಮಾವ,

ಹಾಲು ಕಾಯಿಸಿಟ್ಟಿದ್ದೀನಿ. ತಿಂಡಿ ಆದ ಮೇಲೆ ಮಾತ್ರೆ ಮರೀಬೇಡಿ.

ಒಂದು ವಿಷಯ ಕೇಳಬೇಕು. ಶಿಶುವಿಹಾರದ ಮಕ್ಕಳಿಗೆ ಅಂತ ಬಣ್ಣಬಣ್ಣದ ಅಂಗಿಗುಂಡಿಗಳನ್ನ ಚೆನ್ನಾಗಿ ಬೆರೆಸಿ ಡಬ್ಬಿಗೆ ತುಂಬಿದ್ದೆ. ಅದನ್ನ ಬೇರೆ ಬೇರೆ ಮಾಡೋದೇ ಅವರ ಪಾಠ. ನಿನ್ನೆ ಅಲ್ಲಿ ಮುಚ್ಚಳ ತೆಗೆದರೆ ಕೆಂಪು ಒಂದು ಪೊಟ್ಟಣ, ಹಳದಿ ಒಂದು ಪೊಟ್ಟಣ! ಬಂದಾಗಿನಿಂದ ಅಳ್ತಾ ಮೂಲೆ ಹಿಡಿದಿದ್ದ ಹೊಸ ಮಗು ಮೊದಲ ಸಲ ಎದ್ದು ಬಂದಿತ್ತು. ಮಾಡೋಕೆ ಏನೂ ಉಳಿದಿಲ್ಲ ಅಂತ ನೋಡಿ ವಾಪಸ್ ಮೂಲೆಗೆ ಹೋಯ್ತು.

ಇದು ನಿಮ್ಮ ಮಗನ ಕೆಲಸ ಅಲ್ಲ. ಅವರು ಎರಡು ಕಾಲಿಗೆ ಎರಡು ಬಣ್ಣದ ಕಾಲುಚೀಲ ಹಾಕ್ಕೊಂಡು ಹೋಗೋರು. ಬಿಳೀದರಲ್ಲೂ ಎರಡು ತೂತಿಂದು, ನಾಲ್ಕು ತೂತಿಂದು ಅಂತ ಬೇರೆ ಕಟ್ಟಿಡೋಕೆ ಜೀವನಪೂರ್ತಿ ಅಂಚೆ ಕಚೇರೀಲಿ ಕಾಗದ ವಿಂಗಡಿಸಿದ ಕೈಯೇ ಬೇಕು. ನಿನ್ನೆ ರಾತ್ರಿ ಊಟಕ್ಕೆ ಕೂತಾಗ ನಾನು ಗುಂಡಿ ಅಂದಿದ್ದೇ ತಡ, ನೀವು ನಿಮ್ಮ ಅಂಗಿ ಮುಟ್ಟಿ ನೋಡಿಕೊಂಡ್ರಿ. ಕುಂಬಳಕಾಯಿ ಕಳ್ಳ ಅಂದ್ರೆ ಹೆಗಲು ಮುಟ್ಟಿ ನೋಡ್ಕೊಂಡ ಹಾಗೆ. ನಾನು ಯಾರನ್ನೂ ಏನೂ ಅಂತಿಲ್ಲ. "ಇದೂ ಒಂದು ಕೆಲಸಾನಾ, ಬರೀ ಮಕ್ಕಳಾಟ" ಅಂತ ನನ್ನ ಕೆಲಸ ನೋಡಿ ನಕ್ಕಿದ್ದು ಮಾತ್ರ ನೀವೇ.

ಇವತ್ತಿನ ಡಬ್ಬಿ ನನ್ನ ಜೊತೆಗೇ ತಗೊಂಡು ಹೋಗ್ತಿದ್ದೀನಿ. ಕಪಾಟಿನ ಮೇಲೆ ಇನ್ನೊಂದಿದೆ, ಅದಕ್ಕಿಂತ ದೊಡ್ಡದು, ಬೇಕಂತಲೇ ಬೆರೆಸಿಟ್ಟಿದ್ದು. ಅದು ಮಕ್ಕಳಿಗಲ್ಲ. ಸಂಜೆ ನಾನು ಬರೋ ಹೊತ್ತಿಗೆ ಅದು ಹಾಗೇ ಇದ್ರೆ, ಕಿವಿ ಹಿಡ್ಕೊಂಡು ತಪ್ಪಾಯ್ತು ಅಂತೀನಿ.

ನಿಮ್ಮ ಕನ್ನಡಕ ಒರೆಸಿ ಅದರ ಪಕ್ಕದಲ್ಲೇ ಇಟ್ಟಿದ್ದೀನಿ.