ಮೂರನೇ ಸಾಲು, ಎಡಗಡೆ ಕಿಟಕಿ

5 ನವೆಂಬರ್ 2025, ಬುಧವಾರ

8.20ರ ಬಸ್ಸು. ಶಿರಾದಿಂದ ಮಧುಗಿರಿವರೆಗೂ ನಿಂತೇ ಬಂದೆ. ಇವತ್ತು ಆಫೀಸಿಗೆ ಬಂದ ಟಪಾಲು ನಲವತ್ತೊಂದು. ಎಲ್ಲಕ್ಕೂ ನಂಬರ್ ಹಾಕಿ, ಸೆಕ್ಷನ್‌ವಾರು ಬಿಡಿಸೋ ಹೊತ್ತಿಗೆ ಎರಡೂವರೆ. ಊಟದ ಡಬ್ಬಿ ತೆಗೆದರೆ ಪಲ್ಯ ಹಳಸಿದ ವಾಸನೆ. ತಿಂದೆ.

ಇನ್‌ವರ್ಡ್ ಬುಕ್ ಮೇಲೆ ತಲೆ ಇಟ್ಟು ನಿದ್ದೆ ಹೋಗಿದ್ದೆನಂತೆ. ಪಕ್ಕದ ಟೇಬಲ್ಲಿನ ಮಹಜಬೀನ್ ಎಬ್ಬಿಸಿದಳು. ಕೆನ್ನೆ ಮೇಲೆ 4417 ಉಲ್ಟಾ ಅಚ್ಚಾಗಿತ್ತು. "ನಿಂಗೂ ನಂಬರ್ ಬಿತ್ತು ನೋಡು," ಅಂದಳು. ಸೋಪು ಹಾಕಿ ಉಜ್ಜಿದೆ. ಪೂರ್ತಿ ಹೋಗಲಿಲ್ಲ.

ಸಂಜೆ ರಜಾ ಅರ್ಜಿ ಬರೆದೆ. ಗಳಿಕೆ ರಜೆ, ಹತ್ತರಿಂದ ಇಪ್ಪತ್ತೊಂದು, ಹನ್ನೆರಡು ದಿನ. ಕಾರಣ — ಸ್ವಂತ ಕೆಲಸ.

6 ನವೆಂಬರ್, ಗುರುವಾರ

ಮ್ಯಾನೇಜರ್ ಕರೆದರು. ಯಾವ ಕಡೆ ಪ್ರವಾಸ ಅಂತ ಕೇಳಿದರು. ಎಲ್ಲಿಗೂ ಇಲ್ಲ ಸಾರ್ ಅಂದೆ. ಮನೇಲಿ ಮದುವೆಯಾ? ಇಲ್ಲ. ಆಪರೇಷನ್ನಾ? ಇಲ್ಲ. ಪಾಪ, ಅವರಿಗೆ ನನ್ನ ಬಗ್ಗೆ ಬೇಜಾರಾಯಿತು. ಕಾಶಿಗೆ ಯಾವ ರೈಲು, ಎಲ್ಲಿ ಇಳಿಯೋದು, ಎಲ್ಲ ಒಂದು ಚೀಟೀಲಿ ಬರೆದುಕೊಟ್ಟು ಅರ್ಜಿಗೆ ಸಹಿ ಹಾಕಿದರು.

ಮಹಜಬೀನ್ ಹೋದ ತಿಂಗಳು ಮಕ್ಕಳನ್ನ ಕರಕೊಂಡು ಊಟಿಗೆ ಹೋಗಿದ್ದಳು. ಆ ಸುಸ್ತು ಆರಿಸಿಕೊಳ್ಳೋಕೆ ಬಂದ ಮೇಲೆ ಎರಡು ದಿನ ಸಿಎಲ್ ಹಾಕಿದ್ದಳು.

7 ನವೆಂಬರ್, ಶುಕ್ರವಾರ

ಮಂಜೂರು.

ಮನೇಲಿ ಹೇಳಬಾರದು ಅಂತ ತೀರ್ಮಾನ. ಮೇ ತಿಂಗಳಲ್ಲಿ ನಾಲ್ಕು ದಿನ ರಜೆ ಹಾಕಿ ಹೇಳಿದ್ದೆ. ಮೊದಲನೇ ದಿನ ಸಂಡಿಗೆ ಹಿಟ್ಟು ಕಲೆಸಿದ್ದಾಯಿತು. ಎರಡನೇ ದಿನ ಅಟ್ಟ ಇಳಿಸಿದ್ದು. ಮೂರನೇ ದಿನ, ಸೊಸೆ ಮನೇಲೇ ಇದ್ದಾಳಂತೆ ಅಂತ ಮದಲೂರಿಂದ ಮಾವನ ತಂಗಿ ಮನೆಯವರು ಆರು ಜನ. ನಾಲ್ಕನೇ ದಿನ ಅವರ ಪಾತ್ರೆ, ಅವರ ಹಾಸಿಗೆ. ಐದನೇ ದಿನ ಆಫೀಸಿಗೆ ಬಂದು ಕುರ್ಚಿ ಮೇಲೆ ಕೂತಾಗ ಸ್ವರ್ಗ ಅನ್ನಿಸಿತ್ತು.

ಅತ್ತೆ ಕೆಟ್ಟವರಲ್ಲ. ನನಗಿಂತ ಮುಂಚೆ ಏಳುತ್ತಾರೆ, ನನಗಿಂತ ತಡವಾಗಿ ಮಲಗುತ್ತಾರೆ. ಅವರು ನಿಂತಿರುವಾಗ ನಾನು ಮಲಗೋದು ಹೇಗೆ?

ನಮ್ಮ ಮನೇಲಿ ಹಗಲು ಮಲಗೋರು ಒಬ್ಬರೇ. ಮಾವ, ನಾಗಲಿಂಗಯ್ಯ ಮೇಷ್ಟ್ರು. ಎರಡರಿಂದ ನಾಲ್ಕು. ಆಗ ಮಿಕ್ಸಿ ಹಾಕೋ ಹಾಗಿಲ್ಲ.

10 ನವೆಂಬರ್, ಸೋಮವಾರ

ಎಂದಿನ ಸೀರೆ, ಎಂದಿನ ಡಬ್ಬಿ, ಎಂದಿನ 8.20. ಕಳ್ಳನ ಮನಸ್ಸು ಹುಳ್ಳುಳ್ಳಗೆ — ಗೇಟ್ ಹತ್ತಿರ ಅತ್ತೆ "ಯಾಕೆ ಇಂಗ್ ನೋಡ್ತೀಯಾ?" ಅಂದಿದ್ದಕ್ಕೇ ಬೆವೆತೆ.

ಲೈಬ್ರರಿಯಲ್ಲಿ ಕೂರೋದು ಅಂತ ಪ್ಲಾನ್. ಸೋಮವಾರ ಲೈಬ್ರರಿಗೂ ರಜೆ ಅನ್ನೋದು ಬೀಗ ನೋಡಿದ ಮೇಲೆ ನೆನಪಾಯಿತು. ವಾಪಸ್ ಬಸ್ ಸ್ಟ್ಯಾಂಡಿಗೆ ಬಂದರೆ ನಮ್ಮ ಆಫೀಸಿನ ಅಟೆಂಡರ್ ಎದುರಿಗೇ ಟೀ ಕುಡೀತಾ ನಿಂತಿದ್ದಾನೆ. ನಿಂತಿದ್ದ ಬಸ್ಸು ಹತ್ತಿಬಿಟ್ಟೆ. ಮೂರನೇ ಸಾಲು, ಎಡಗಡೆ ಕಿಟಕಿ. ಕಂಡಕ್ಟರ್ ಎಲ್ಲಿಗೆ ಅಂದ. ಬಸ್ಸು ಎಲ್ಲಿಗೆ ಹೋಗುತ್ತೆ ಅಂತ ನಾನೇ ಕೇಳಿದೆ. ಪಾವಗಡ. ಸರಿ, ಅಲ್ಲಿಗೇ. ಆಧಾರ್ ತೋರಿಸಿದೆ, ಹೆಂಗಸರ ಫ್ರೀ ಟಿಕೆಟ್ ಹರಿದುಕೊಟ್ಟ.

ಮಿಡಿಗೇಶಿ ನೆನಪಿದೆ. ಆಮೇಲೆ ನೆನಪಿಲ್ಲ. ಕಣ್ಣು ಬಿಟ್ಟರೆ ಪಾವಗಡದ ಬೆಟ್ಟ, ಬಿಸಿಲು, ಬಸ್ಸು ಖಾಲಿ. ಬರೀ ನಿದ್ದೆ, ಕನಸು ಸಹ ಇಲ್ಲ. ಸ್ಟ್ಯಾಂಡಿನಲ್ಲೇ ಡಬ್ಬಿ ಊಟ ಮಾಡಿದೆ. ಅದೇ ಬಸ್ಸು ಎರಡೂಕಾಲಿಗೆ ಹೊರಟಿತು, ಮತ್ತೆ ಮಲಗಿದೆ. ಮಧುಗಿರಿ ನಾಲ್ಕೂವರೆ. 5.40ಕ್ಕೆ ಶಿರಾ ಬಸ್ಸು. ಮನೆ ಎಂದಿನ ಹೊತ್ತಿಗೆ.

ನಮ್ಮನೆಯವರು, ಪ್ರಭು, ಮೋಟರ್ ರಿಪೇರಿ ಅಂಗಡಿಯಿಂದ ಬಂದರು. ಕೈಯೆಲ್ಲ ವಾರ್ನಿಷ್ ವಾಸನೆ. ಇವತ್ತು ಜಾಸ್ತಿ ಕೆಲಸವಾ ಅಂತ ಕೇಳಿದರು. ಹೂಂ ಅಂದೆ.

11 ನವೆಂಬರ್, ಮಂಗಳವಾರ — ಬಸ್ಸಿನಲ್ಲಿ

ಲೈಬ್ರರಿ ಇವತ್ತೂ ಬೀಗ. ಎರಡನೇ ಮಂಗಳವಾರವಂತೆ. ಮತ್ತೆ ಪಾವಗಡ. ಅಕ್ಷರ ಕುಣೀತಿವೆ. ನಿಲ್ಲಿಸ್ತೀನಿ, ಕಣ್ಣು ಎಳೀತಿದೆ.

12 ನವೆಂಬರ್, ಬುಧವಾರ

ಲೈಬ್ರರಿ ತೆಗೆದಿತ್ತು. ಹೋಗಲಿಲ್ಲ.

ಕಂಡಕ್ಟರ್ ಹೆಸರು ರಂಗೇಶ್. ಪಾವಗಡಕ್ಕೆ ಟ್ರಾನ್ಸ್‌ಫರ್ ಆಯ್ತಾ ಮೇಡಂ ಅಂತ ಕೇಳಿದ. ಇಲ್ಲ, ರಜೆ ಅಂದೆ. ರಜೆ ಹಾಕಿ ದಿನಾ ಇದೇ ಬಸ್ಸಾ? ಮಲಗೋಕೆ ಬರ್ತೀನಿ ಅಂತ ಇದ್ದದ್ದು ಇದ್ದ ಹಾಗೆ ಹೇಳಿದೆ. ಮನೆಯವರಿಗೆ ಹೇಳದ್ದನ್ನ ಕಂಡಕ್ಟರಿಗೆ ಹೇಳಿದ್ದು ಯಾಕೋ.

"ಚಿಂತೆ ಇಲ್ದೋರ್ಗೆ ಸಂತೇಲೂ ನಿದ್ದೆ ಬುಡಿ," ಅಂದ.

ಚಿಂತೆ ಇದೆ. ಆದರೂ ಬರುತ್ತೆ. ಗಾದೆ ಮಾಡಿದವನು ಈ ಬಸ್ಸು ಹತ್ತಿರಲಿಲ್ಲ.

13 ನವೆಂಬರ್, ಗುರುವಾರ

ಮೂರನೇ ಸಾಲಿನ ಸೀಟಿನ ಮೇಲೆ ರಂಗೇಶ್ ತನ್ನ ಟವೆಲ್ ಹಾಕಿಟ್ಟಿದ್ದ.

ವಾಪಸ್ ಬರುವಾಗ ಪಕ್ಕದಲ್ಲಿ ನಿಡುಗಲ್ ಕಡೆಯ ಅಜ್ಜಿ. ಹೆಸರು ಕೊಲ್ಲಾಪುರಮ್ಮ. ಮಗಳ ಮನೆಗೆ ಕಡಲೇಕಾಯಿ ಮೂಟೆ ಒಯ್ಯುತ್ತಿದ್ದರು. ಎಚ್ಚರ ಆದಾಗ ನನ್ನ ತಲೆ ಅವರ ಭುಜದ ಮೇಲೆ. ಅವರ ಸೆರಗು ನನ್ನ ಜೊಲ್ಲಿಂದ ಒದ್ದೆ. ನಾಚಿಕೆಯಾಗಿ ಒರೆಸೋಕೆ ಹೋದೆ. ಅವರು ನನ್ನ ಕೈ ತಳ್ಳಿದರು.

"ಪಡುಕೋ ತಲ್ಲೀ, ಪಡುಕೋ. ಒಗದ್ರೆ ಓಗ್ತೈತೆ."

ತೆಲುಗು ನನಗೆ ಅಷ್ಟಕ್ಕಷ್ಟೆ. ಮಲಗು ತಾಯಿ ಅನ್ನೋದು ಮಾತ್ರ ಅರ್ಥ ಆಯಿತು, ಮಲಗಿದೆ.

14 ನವೆಂಬರ್, ಶುಕ್ರವಾರ

ವಿಶೇಷ ಏನೂ ಇಲ್ಲ. ಮಲಗಿದ್ದೆ.

15 ನವೆಂಬರ್, ಶನಿವಾರ

ಆರು ದಿನ. ಕಣ್ಣ ಕೆಳಗಿನ ಕಪ್ಪು ತಿಳಿಯಾಗಿದೆ. ನಿನ್ನೆ ರಾತ್ರಿ ಹೋಂವರ್ಕ್ ಮಾಡಿಸುವಾಗ ರಕ್ಷಾ, "ಅಮ್ಮ, ಈ ವಾರ ನೀನು ಒಂದ್ಸಲಾನೂ ಬೈದಿಲ್ಲ," ಅಂದಳು. ಹತ್ತು ವರ್ಷದ ಹುಡುಗಿ ಇದನ್ನೆಲ್ಲ ಲೆಕ್ಕ ಇಟ್ಟಿರುತ್ತೆ.

ಪಾವಗಡದ ಟಿಕೆಟ್ ಹನ್ನೆರಡಾದವು. ಎಸೆಯೋಕೆ ಕೈ ಬರಲ್ಲ. ಟಪಾಲು ಸೆಕ್ಷನ್ನಿನವಳು, ಕಾಗದ ಅಂದರೆ ಜೋಡಿಸಲೇಬೇಕು. ತಾರೀಕಿನ ಪ್ರಕಾರ ಇಟ್ಟು ರಬ್ಬರ್ ಬ್ಯಾಂಡ್ ಹಾಕಿ ಊಟದ ಬ್ಯಾಗಿನ ಪಕ್ಕದ ಜೇಬಿನಲ್ಲಿ ಇಟ್ಟಿದ್ದೀನಿ.

16 ನವೆಂಬರ್, ಭಾನುವಾರ

ಬಟ್ಟೆ, ಪಾತ್ರೆ, ಹೋಳಿಗೆ. ಮಧ್ಯಾಹ್ನ ಮಾವ ಮಲಗಿದರು. ಅತ್ತೆ ಸದ್ದಾಗದ ಹಾಗೆ ಅವರೆಕಾಯಿ ಸುಲಿದರು, ನಾನೂ ಸುಲಿದೆ.

ಸಂಜೆ ಹಿತ್ತಲಲ್ಲಿ ನೋಡಿದೆ. ಊಟದ ಬ್ಯಾಗು ಒಗೆದು ತಂತಿ ಮೇಲೆ ಹಾಕಿದ್ದಾರೆ. ಪಕ್ಕದ ಜೇಬು ಒಳಗಿಂದ ಹೊರಗೆ ತಿರುಗಿಕೊಂಡಿದೆ. ಖಾಲಿ.

ಅತ್ತೆ ಹೋಳಿಗೆ ಬಡಿಸುವಾಗ ನನ್ನ ಮುಖ ನೋಡಲಿಲ್ಲ.

18 ನವೆಂಬರ್, ಮಂಗಳವಾರ

ನಿನ್ನೆ ಬರೆಯೋಕೆ ಆಗಲಿಲ್ಲ. ಬಸ್ಸಿನಲ್ಲಿ ನಿದ್ದೆಯೂ ಬರಲಿಲ್ಲ. ಕಣ್ಣು ಬಿಟ್ಟುಕೊಂಡು ಪಾವಗಡಕ್ಕೆ ಹೋಗಿ ಬಂದರೆ ಅದು ಎಷ್ಟು ದೂರ ಅಂತ ಗೊತ್ತಾಗುತ್ತೆ.

ಇವತ್ತು ಸಂಜೆ ಅಡುಗೆಮನೇಲಿ ಅತ್ತೆ ಕೇಳಿಯೇ ಕೇಳಿದರು. ರಾಗಿಹಿಟ್ಟಿನ ಡಬ್ಬಿ ಹಿಂದಿನಿಂದ ಟಿಕೆಟ್ ಕಟ್ಟು ತೆಗೆದರು. ರಬ್ಬರ್ ಬ್ಯಾಂಡ್ ಹಾಗೇ ಇತ್ತು. ಏಳನೇ ಕ್ಲಾಸ್ ಓದಿದವರು, ಊರ ಹೆಸರು ತಾರೀಕು ಎಲ್ಲ ಓದಿಕೊಂಡಿದ್ದಾರೆ. ಮಹಜಬೀನ್ ಮೊಬೈಲಿಗೆ ಫೋನ್ ಮಾಡಿ ಕೇಳಿದ್ದಾರೆ. ಅವಳೂ ಏನು ಮಾಡ್ತಾಳೆ, ರಜೆ ಅಂತ ಹೇಳಿದಳಂತೆ.

"ಪಾವಗಡದಲ್ಲಿ ಯಾರವ್ರೆ ನಿಂಗೆ?"

ಯಾರೂ ಇಲ್ಲ ಅಂದೆ.

"ಮತ್ತೆ ಏನ್ ಮಾಡಾಕ್ಕೋಯ್ತೀಯ?"

ಮಲಗೋಕೆ ಅಂದೆ. ಹೇಳುವಾಗಲೇ ಗೊತ್ತಾಯಿತು, ಇದಕ್ಕಿಂತ ಕೆಟ್ಟ ಉತ್ತರ ಇಲ್ಲ ಅಂತ. ಬಸ್ಸಿನಲ್ಲಿ, ಕಿಟಕಿ ಪಕ್ಕ ಅಂತ ಸೇರಿಸಿದೆ.

ಅತ್ತೆ ಒಲೆ ಸಣ್ಣ ಮಾಡಿದರು. "ಮನೇಲಿ ಮಂಚ ಇಲ್ವೇನಮ್ಮ?"

ಮೊದಲು ಸಿಟ್ಟು ಬಂತು. ಹೆದರಿಕೆ ಆಮೇಲೆ. ಹೋದ ವರ್ಷ ಆಫೀಸಿನವರು ಯಾರೋ ಎರಡು ಸಲ ಫೋನ್ ಮಾಡಿದ್ದಕ್ಕೆ ಪ್ರಭು ಹದಿನೈದು ದಿನ ಮಾತು ಬಿಟ್ಟಿದ್ದರು. ಈ ಕಟ್ಟು ಅವರ ಕೈಗೆ ಹೋದರೆ ಹದಿನೈದು ದಿನಕ್ಕೆ ಮುಗಿಯಲ್ಲ. ಕೆಲಸ ಬಿಡು ಅಂತಾರೆ. ತವರಿಗೆ ಹೋಗು ಅಂದರೂ ಅಂದಾರು.

ಅತ್ತೆ ಕಟ್ಟನ್ನ ಸೊಂಟದ ಚೀಲಕ್ಕೆ ಸೇರಿಸಿದರು. "ಪ್ರಭುಗಿನ್ನೂ ಹೇಳಿಲ್ಲ. ನಾಳೀಕೆ ನಾನೂ ಬತ್ತೀನಿ. ನೋಡ್ಕಂಡು ಆಮೇಲೆ ಹೇಳ್ತೀನಿ. ಊರಿಗ್ ಬಂದೋಳು ನೀರಿಗ್ ಬರ್ದೆ ಇರ್ತಾಳಾ?"

ಮಗನ ಹತ್ತಿರ, ಮಧುಗಿರೀಲಿ ತಮ್ಮ ಕಣ್ಣು ಡಾಕ್ಟರಿಗೆ ತೋರಿಸಬೇಕು ಅಂತ ಹೇಳಿದ್ದಾರೆ. ನನ್ನ ಸುಳ್ಳಿಗಿಂತ ಚೆನ್ನಾಗಿದೆ.

19 ನವೆಂಬರ್, ಬುಧವಾರ

10.50, ಬಸ್ಸಿನಲ್ಲಿ

ಮೂರನೇ ಸಾಲು. ಟವೆಲ್ ಇತ್ತು. ಅತ್ತೆ ಟವೆಲ್ ನೋಡಿದರು, ರಂಗೇಶನನ್ನ ನೋಡಿದರು. ನಾನು ಕಿಟಕಿಗೆ, ಅವರು ಪಕ್ಕಕ್ಕೆ. ಬೆನ್ನು ಸೀಟಿಗೆ ತಾಗಿಸಿಲ್ಲ. ಹತ್ತುವ ಗಂಡಸರನ್ನೆಲ್ಲ ಒಬ್ಬೊಬ್ಬರಾಗಿ ತೂಗ್ತಿದ್ದಾರೆ.

ರಂಗೇಶ್ ಬಂದಾಗ ನೇರವಾಗಿ ಕೇಳಿದರು. "ಈಯಮ್ಮ ದಿನಾ ಬತ್ತಾಳಾ?"

"ಬತ್ತಾರೆ. ಮಿಡಿಗೇಶಿ ದಾಟೋಷ್ಟ್ರಲ್ಲಿ ಗೊರಕೆ."

"ಜೊತೇಲಿ ಯಾರ್ ಬತ್ತಾರೆ?"

"ಊಟದ್ ಬ್ಯಾಗು."

ಅತ್ತೆ ನಗಲಿಲ್ಲ. ನನಗೂ ನಗು ಬರಲಿಲ್ಲ. ನಾನು ಗೊರಕೆ ಹೊಡೀತೀನಿ ಅಂತ ಯಾರೂ ಹೇಳಿರಲಿಲ್ಲ.

1.15, ಪಾವಗಡ ಬಸ್ ಸ್ಟ್ಯಾಂಡ್

ಬೆಂಚಿನ ಮೇಲೆ ಡಬ್ಬಿ ಬಿಚ್ಚಿದೆವು. ಅತ್ತೆ ಸುತ್ತ ನೋಡ್ತಾನೇ ಇದ್ದರು. ಯಾರೂ ಬರಲಿಲ್ಲ. ಒಂದು ನಾಯಿ ಬಂತು, ಅದಕ್ಕೆ ಮುದ್ದೆ ಹಾಕಿದರು. ಇಷ್ಟೇನಾ ಅಂತ ಕೇಳಿದರು. ಇಷ್ಟೇ ಅಂದೆ. ಇನ್ನು ವಾಪಸ್ ಹೋಗೋದೇನಾ? ಹೂಂ. ಬೆಟ್ಟ ಹತ್ತಲ್ವಾ, ದೇವಸ್ಥಾನಕ್ಕೂ ಹೋಗಲ್ವಾ? ಇಲ್ಲ ಅತ್ತೆ.

ಕೈ ತೊಳೆದುಕೊಂಡು ಬಂದು ಕೂತರು. ನನಗೆ ಹೇಳಿದ್ದೋ ನಾಯಿಗೋ —

"ಮದ್ವೆಯಾಗಿ ನಲ್ವತ್ನಾಕು ವರ್ಸ. ಅಗಲೊತ್ತು ಮಲ್ಗಿದ್ದು ಎರಡೇ ಸಲ ಕಣಮ್ಮ. ಎರಡು ಬಾಣಂತನ."

ಹನ್ನೆರಡು ದಿನ ರಜೆ ನನಗಾದರೂ ಕೊಟ್ಟರು. ಇವರು ಅರ್ಜಿ ಬರೆದರೂ ಯಾರಿಗೆ ಅಂತ ಕೊಡಬೇಕು? ಇನ್‌ವರ್ಡ್ ನಂಬರ್ ಹಾಕೋರು ಯಾರು?

2.40, ಬಸ್ಸಿನಲ್ಲಿ

ಹೊರಟು ಇಪ್ಪತ್ತೈದು ನಿಮಿಷ. ಅತ್ತೆ ಬೆನ್ನು ಈಗ ಸೀಟಿಗೆ ತಾಗಿದೆ. ಹುಣಿಸೆಮರ ಎಣಿಸ್ತಿದ್ದರು. ಎಣಿಕೆ ನಿಂತಿತು.

ತಲೆ ಒಂದು ಸಲ ಮುಂದಕ್ಕೆ ಬಿತ್ತು, ಗಾಬರಿಯಿಂದ ಎತ್ತಿದರು. ಮಾವನ ಕಾಫಿಗೆ ಹೊತ್ತಾಯ್ತಾ ಅಂತ ಕೇಳಿದರು. ಇನ್ನೂ ಇದೆ ಅಂದೆ. ಇನ್ನೊಂದು ಸಲ ಬಿತ್ತು. ಮೂರನೇ ಸಲ ನನ್ನ ಕಡೆಗೆ ಬಿತ್ತು.

"ಪಡುಕೋ" ಅಂತ ಬಾಯಿಗೆ ಬಂತು. ಹೇಳಲಿಲ್ಲ, ಭುಜ ಸ್ವಲ್ಪ ತಗ್ಗಿಸಿದೆ.

4.35, ಮಧುಗಿರಿ ಬಸ್ ಸ್ಟ್ಯಾಂಡ್

ಜನ ಇಳಿದರು, ಜನ ಹತ್ತಿದರು. ಹಾರ್ನು, ಸೌತೆಕಾಯಿ ಮಾರೋರ ಕೂಗು. ಅತ್ತೆಗೆ ಯಾವುದೂ ಇಲ್ಲ. ಬಾಯಿ ಅರ್ಧ ತೆರೆದಿದೆ, ನನ್ನ ಸೆರಗು ಒದ್ದೆ. ಹದಿಮೂರು ವರ್ಷದಿಂದ ಒಂದೇ ಮನೇಲಿದ್ದೀವಿ. ಮಲಗಿದಾಗ ಇವರ ಮುಖ ಹೇಗಿರುತ್ತೆ ಅಂತ ಇವತ್ತು ನೋಡಿದೆ. ಇಷ್ಟು ಚಿಕ್ಕವರು ಅಂದುಕೊಂಡಿರಲಿಲ್ಲ.

ಟಿಕೆಟ್ ಕಟ್ಟು ಇನ್ನೂ ಅವರ ಸೊಂಟದಲ್ಲೇ ಇದೆ. ಎದ್ದ ಮೇಲೆ ಮಗನಿಗೆ ಏನು ಹೇಳ್ತಾರೋ ಗೊತ್ತಿಲ್ಲ. 5.40ರ ಬಸ್ಸು ತಪ್ಪಿದರೆ ಮನೆ ಮುಟ್ಟೋದು ಎಂಟು. ಅಡುಗೆ ಆಗಿರಲ್ಲ, ಮಾವನಿಗೆ ಕಾಫಿಯೂ ಇಲ್ಲ. ಎಬ್ಬಿಸಬೇಕು.

ರಂಗೇಶ್ ಬಂದ. ಇಳೀತೀರಾ ಅಂತ ಕಣ್ಣಲ್ಲೇ ಕೇಳಿದ. ಈ ಬಸ್ಸು ಮುಂದೆ ಕೊರಟಗೆರೆ, ತುಮಕೂರು.

"ಕೊರಟಗೆರೆಗೆ ಎರಡು ಕೊಡಿ," ಅಂದೆ.

ಅತ್ತೆ ಆಧಾರ್ ಸೊಂಟದ ಚೀಲದಲ್ಲಿದೆ. ಬೆಳಿಗ್ಗೆ ನೋಡಿದೀನಿ ಬುಡಿ ಅಂದ, ಪಿಸುಮಾತಲ್ಲಿ. ಎರಡು ಟಿಕೆಟ್ ಹರಿದ.

ಬಸ್ಸು ಹೊರಟಿತು. ಬಲಗೈ ಜೋಮು ಹಿಡಿದಿದೆ. ಬರೆದರೆ ಭುಜ ಅಲುಗುತ್ತೆ, ಅದಕ್ಕೆ —