ದಾರದ ರೀಲು

ನವೆಂಬರ್ ೧೪, ಗುರುವಾರ

"ಹೂಂ" ಅಂದುಬಿಟ್ಟೆ. ಸಂಜೆ ಅಂಗಡಿಯಲ್ಲಿ ಭಾವ ಕೇಳಿದ್ದಕ್ಕೆ ಅದೊಂದೇ ಮಾತು ಅಂದದ್ದು.

ಸ್ಟುಡಿಯೊದವರು ತಂದುಕೊಟ್ಟಿದ್ದ ಕಂಪ್ಯೂಟರಿಗೆ ದೊಡ್ಡ ಫ್ಯಾನ್ ಕೂರಿಸಲು ಎರಡು ಮೆಮೊರಿ ಪಟ್ಟಿಗಳ, ಅಂದರೆ ರ್‍ಯಾಮ್‌ಗಳ ಮೇಲಿನ ಲೋಹದ ಹೊದಿಕೆ ಅಡ್ಡ ಬರುತ್ತಿತ್ತು. ಒಂದನ್ನು ಭಾವ ಬಿಚ್ಚಿದರು. ಹೇರ್ ಡ್ರೈಯರ್ ಹಿಡಿದು ಅಂಟನ್ನು ಮೆತ್ತಗೆ ಮಾಡಿ, ಸಂದಿಯಲ್ಲಿ ದಾರ ತೂರಿಸಿ, ಗರಗಸದ ಹಾಗೆ ಅತ್ತಿತ್ತ ಎಳೆಯಲು ಅರ್ಧ ಗಂಟೆ ಹಿಡಿಯಿತು. ಈಚೆಗೆ ಅವರ ಬೆರಳು ನಡುಗುತ್ತದೆ. ನಾನು ನೋಡಿಯೂ ನೋಡದವಳಂತೆ ಇರುತ್ತೇನೆ. ಅವರು ಟೀ ಕುಡಿಯಲು ಹೋದಾಗ ಇನ್ನೊಂದಕ್ಕೆ ನಾನು ಬಿಸಿಯನ್ನೂ ಮಾಡದೆ ಚಾಕು ಹಾಕಿ ಮೀಟಿದೆ. ಹೊದಿಕೆಯ ಜೊತೆ ಒಂದು ಚಿಪ್ ಕೂಡ ಕಿತ್ತು ಬಂತು.

ಬಿಚ್ಚಿದ ಮೇಲೆ ಎರಡೂ ಒಂದೇ ಥರ, ಯಾವುದನ್ನು ಯಾರು ಬಿಚ್ಚಿದ್ದೆಂದು ಗೊತ್ತಾಗುವುದಿಲ್ಲ. ಭಾವ ಬಂದವರೇ ಕೆಟ್ಟದ್ದನ್ನು ಕನ್ನಡಕದ ಹತ್ತಿರ ಹಿಡಿದು, "ಇದು ನಾನು ಬಿಚ್ಚಿದ್ದಲ್ವೇನಮ್ಮಾ?" ಅಂದರು.

ಆಗಲೇ ನಾನು ಹೂಂ ಅಂದದ್ದು.

"ನನ್ನ ಕೈನ ಇನ್ನು ನಂಬೋ ಹಾಗಿಲ್ಲ. ಸ್ಟುಡಿಯೊದವರಿಗೆ ನಾನೇ ಹೇಳ್ತೀನಿ. ಇನ್ಮೇಲೆ ಇಂಥದ್ದೆಲ್ಲ ನೀನೇ ಮಾಡು" ಅಂದು ದಾರದ ರೀಲನ್ನು ನನ್ನ ಡ್ರಾಯರಿನಲ್ಲಿಟ್ಟರು. ಈ ಕೆಲಸ ನನಗೆ ಕಲಿಸಿದವರು ಅವರು.

ಊಟದ ಹೊತ್ತಿಗೆ ಅಕ್ಕ ಫೋನ್ ಮಾಡಿದಳು. "ಏನಾಯ್ತೇ ಅಂಗಡೀಲಿ? ನಿಮ್ಮ ಭಾವ ಒಂದು ತುತ್ತೂ ತಿಂದಿಲ್ಲ. ಬಲಗೈನ ಎಡಗೈಲಿ ಹಿಡ್ಕೊಂಡು ಸುಮ್ನೆ ಕೂತಿದಾರೆ."

"ಗೊತ್ತಿಲ್ಲಕ್ಕಾ" ಅಂದೆ.

ಫೋನ್ ಹಿಡಿದ ನನ್ನ ಕೈ ಒಂಚೂರೂ ನಡುಗಲಿಲ್ಲ.